ನಾಲ್ಕು ರೂಪಾಯಿ ಪಗಾರದ ಬೌಲರ್

ಶಾಲೆ ಕಾಲೇಜುಗಳ ಆಟದ ಬಯಲಿನ ಮೂಲೆಯಲ್ಲಿ ಒಂದು ರೋಲರ್ ಬಿದ್ದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಯಾವ ಊರಿಗೆ ಹೋದರೂ ಅದರ ಕತೆ ಒಂದೇ. ಹುಡುಗರು ಅದರ ಮೇಲೆ ಕುಳಿತು ಹರಟೆ ಹೊಡೆಯುತ್ತಾರೆ, ಬೆವರಿದ ಅಂಗಿ ಒಣಹಾಕುತ್ತಾರೆ. ಪಂದ್ಯದ ಹಿಂದಿನ ದಿನ ಮಾತ್ರ ಅದಕ್ಕೆ ಬೆಲೆ ಬರುತ್ತದೆ. ಅದನ್ನು ಎಳೆಯುವ ಮನುಷ್ಯನಿಗೆ ಆ ದಿನವೂ ಬೆಲೆ ಬರುವುದಿಲ್ಲ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಸೋತವರದೂ ಆಗುತ್ತದೆ. ನೆಲ ಹದ ಮಾಡಿದವನ ಹೆಸರನ್ನು ಯಾರೂ ಕೇಳುವುದಿಲ್ಲ.

ಹೀಗೆ ರೋಲರ್ ಎಳೆಯಲೆಂದು ತಿಂಗಳ ಪಗಾರಕ್ಕೆ ಸೇರಿದ ಹುಡುಗನೊಬ್ಬ ಮುಂದೆ ಇಡೀ ಹಿಂದೂಸ್ತಾನದ ಅತ್ಯುತ್ತಮ ಬೌಲರ್ ಎನಿಸಿಕೊಂಡ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ ಒಂದೇ ಬೇಸಿಗೆಯಲ್ಲಿ 114 ವಿಕೆಟ್ ಕಿತ್ತ. ಆತನ ಹೆಸರು ಪಾಲವಣಕರ ಬಾಳೂ. ಹುಟ್ಟಿದ್ದು ಎಲ್ಲಿ ಗೊತ್ತೆ? ಧಾರವಾಡದಲ್ಲಿ!

ಈ ಸಂಗತಿ ಧಾರವಾಡದವರಲ್ಲೇ ಎಷ್ಟು ಮಂದಿಗೆ ತಿಳಿದಿದೆಯೋ. ಕವಿಗಳು, ಗವಾಯಿಗಳು, ಪೇಡೆ ಎಂದರೆ ಧಾರವಾಡದ ನೆನಪಾಗುತ್ತದೆ. ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಳೂ ಹುಟ್ಟಿದ್ದು 1876ರಲ್ಲಿ. ಮನೆತನ ಮೂಲದಲ್ಲಿ ಕೊಂಕಣ ಸೀಮೆಯದು. ಅಡ್ಡಹೆಸರು ಬಂದದ್ದೂ ಅಲ್ಲಿಯ ಊರಿನಿಂದಲೇ. ಚರ್ಮದ ಕೆಲಸದ ಚಮ್ಮಾರ ಸಮುದಾಯ. ತಂದೆ ಸೈನ್ಯದ ಚಾಕರಿಯಲ್ಲಿದ್ದುದರಿಂದ ದಂಡು ಇದ್ದಲ್ಲಿಗೆ ಸಂಸಾರ. ಹೀಗೆ ಧಾರವಾಡದಲ್ಲಿ ಹುಟ್ಟಿದ ಮಗು ಬೆಳೆದದ್ದು ಪುಣೆಯಲ್ಲಿ.

ಆಗ ಧಾರವಾಡ, ಬೆಳಗಾವಿ ಜಿಲ್ಲೆಗಳೆರಡೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ದುಡಿಮೆ ಬೇಕೆಂದವರು ಪುಣೆ, ಮುಂಬಯಿಗಳ ಕಡೆ ಮುಖ ಮಾಡುತ್ತಿದ್ದ ಕಾಲ. ಧಾರವಾಡದಿಂದ ಪುಣೆಗೆ ಹೋಗುವ ರೈಲು ಹುಕ್ಕೇರಿ ತಾಲ್ಲೂಕಿನ ಪಾಶ್ಚಾಪುರ, ಆಮೇಲೆ ಗೋಕಾಕ ರೋಡ್, ಘಟಪ್ರಭಾ ದಾಟಿಯೇ ಮಿರಜಿನ ಹಾದಿ ಹಿಡಿಯುತ್ತದೆ. ಗೋಕಾಕ ಜಲಪಾತದ ದಂಡೆಯಲ್ಲಿ ನೂಲಿನ ಗಿರಣಿ ಶುರುವಾದದ್ದು 1887ರಲ್ಲಿ. ಕೈಕಸುಬಿನವರು ತಿಂಗಳ ಪಗಾರ ಎಂಬ ಹೊಸ ಸಂಗತಿಗೆ ಹೊಂದಿಕೊಳ್ಳುತ್ತಿದ್ದ ಆ ದಿನಗಳಲ್ಲೇ ಆಟಕ್ಕೂ ಪಗಾರ ಬಂತು. ಆದರೆ ಆಡುವ ಕೆಲಸಕ್ಕಲ್ಲ, ಆಡಿಸುವ ಕೆಲಸಕ್ಕೆ.

ಎಂಟಾಣೆಯ ವಿಕೆಟ್

ಪುಣೆಯಲ್ಲಿ ಪಾರಸಿಗಳ ಕ್ರಿಕೆಟ್ ಕ್ಲಬ್ಬೊಂದಿತ್ತು. ಅಲ್ಲಿ ನೆಲ ಗುಡಿಸಿ ರೋಲರ್ ಎಳೆಯುವ ಕೆಲಸ ಬಾಳೂಗೆ ಸಿಕ್ಕಿತು. ತಿಂಗಳಿಗೆ 3 ರೂಪಾಯಿ. ಬಿಡುವಾದಾಗ ಸದಸ್ಯರಿಗೆ ಒಂದಿಷ್ಟು ಬಾಲ್ ಹಾಕುವುದೂ ಇತ್ತು. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಜಿಮಖಾನಾಕ್ಕೆ ಕೆಲಸ ಬದಲಾಯಿತು. ಪಗಾರ ಒಂದು ರೂಪಾಯಿ ಏರಿ ನಾಲ್ಕಾಯಿತು. ನೆಲಕ್ಕೆ ನೀರು ಹಾಕಿ ರೋಲರ್ ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು, ಅಭ್ಯಾಸದ ಬಲೆ ಕಟ್ಟುವುದು, ಬೇಕೆಂದಾಗ ಟೆನಿಸ್ ಅಂಗಳಕ್ಕೂ ಗೆರೆ ಹಾಕುವುದು, ಎಲ್ಲವೂ ಅದೇ ನಾಲ್ಕು ರೂಪಾಯಿಯಲ್ಲಿ.

ಆ ಕ್ಲಬ್ಬಿನಲ್ಲಿ ಗ್ರೇಗ್ ಎಂಬ ಸೈನ್ಯಾಧಿಕಾರಿ ಇದ್ದರು. ಪೂರ್ಣ ಹೆಸರು ಜಾನ್ ಗ್ಲೆನ್ನಿ ಗ್ರೇಗ್. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಗೂ ಆಡಿದ ದಾಂಡಿಗ, ಆ ಕಾಲಕ್ಕೆ ಈ ದೇಶದಲ್ಲಿದ್ದ ಬಿಳಿಯರಲ್ಲಿ ಎಲ್ಲರಿಗಿಂತ ಒಳ್ಳೆಯ ಬ್ಯಾಟ್ಸ್‌ಮನ್. (ಇದೇ ಗ್ರೇಗ್ ಮುಂದೆ ಮುಪ್ಪಿನಲ್ಲಿ ಪಾದ್ರಿಯಾದರು. ಅದು ಬೇರೆ ಕತೆ.) ಉಳಿದವರಿಗಿಂತ ಒಂದು ತಾಸು ಮೊದಲೇ ಮೈದಾನಕ್ಕೆ ಬಂದು ಬಾಳೂ ಕೈಯಿಂದ ಬಾಲ್ ಹಾಕಿಸಿಕೊಳ್ಳುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಇನಾಮು ಕೊಡುತ್ತಿದ್ದರೆಂದು ಹಳೆಯ ಕ್ರಿಕೆಟ್ ಪ್ರಿಯರು ಹೇಳಿಕೊಂಡು ಬಂದಿದ್ದಾರೆ.

ಲೆಕ್ಕ ಹಾಕಿ ನೋಡಿ. ರೂಪಾಯಿಗೆ 16 ಆಣೆ. ತಿಂಗಳಿಗೆ 4 ರೂಪಾಯಿ ಎಂದರೆ 64 ಆಣೆ, ದಿನಕ್ಕೆ ಎರಡಾಣೆಗಿಂತ ತುಸು ಹೆಚ್ಚು. ಒಮ್ಮೆ ಗ್ರೇಗ್ ಸಾಹೇಬರ ವಿಕೆಟ್ ಕಿತ್ತರೆ ಹೆಚ್ಚುಕಡಿಮೆ ನಾಲ್ಕು ದಿನ ರೋಲರ್ ಎಳೆದ ಕೂಲಿ ಒಂದೇ ಬಾಲಿನಲ್ಲಿ ಬಂದಂತೆ. ಬೌಲಿಂಗ್ ಕಲಿಸಲು ಇದಕ್ಕಿಂತ ಒಳ್ಳೆಯ ಶಾಲೆ ಬೇಕೆ?

ಆದರೆ ಆ ಶಾಲೆಯಲ್ಲಿ ಒಂದು ಪಾಠ ಮಾತ್ರ ಇರಲಿಲ್ಲ. ವರ್ಷಗಟ್ಟಲೆ, ನೂರಾರು ತಾಸು ಬಾಲ್ ಹಾಕಿದ ಆ ಹುಡುಗನ ಕೈಗೆ ಪೂನಾ ಜಿಮಖಾನಾದಲ್ಲಿ ಯಾರೂ ಒಮ್ಮೆಯೂ ಬ್ಯಾಟು ಕೊಡಲಿಲ್ಲ. ಬ್ಯಾಟು ಹಿಡಿಯುವುದು ದೊರೆಗಳ ಕೆಲಸ, ಬಾಲ್ ಹಾಕುವುದು ಆಳಿನ ಕೆಲಸ. ಸ್ವತಃ ಇಂಗ್ಲೆಂಡಿನಲ್ಲೂ ಅಂದು ಹೆಚ್ಚುಕಡಿಮೆ ಇದೇ ರೂಢಿ. ಹಣ ಪಡೆಯದೆ ಆಡುವ ಹವ್ಯಾಸಿಗೆ ‘ಜಂಟಲ್‌ಮನ್’ ಎಂಬ ಬಿರುದು, ದುಡ್ಡು ಪಡೆದು ಆಡುವವನು ಬರೀ ‘ಪ್ಲೇಯರ್’. ಉಡುಪು ಬದಲಿಸಲು ಬೇರೆ ಕೋಣೆ, ಲಾರ್ಡ್ಸ್ ಮೈದಾನಕ್ಕೆ ಇಳಿಯಲು ಬೇರೆ ಗೇಟು. ನಾಯಕನಾಗುವವನು ಜಂಟಲ್‌ಮನ್ನೇ ಆಗಿರಬೇಕು.

ಎರೆಮಣ್ಣು ಬಲ್ಲವನಿಗೆ

ಬಾಳೂ ನಿಧಾನಗತಿಯ ಎಡಗೈ ಸ್ಪಿನ್ ಬೌಲರ್. ಇಂಗ್ಲೆಂಡಿನ ಪ್ರಸಿದ್ಧ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಜೊತೆ ಅವರನ್ನು ಹೋಲಿಸುತ್ತಿದ್ದರು. ಎಡಗೈಯವನು ಬೆರಳಿನಿಂದ ತಿರುಗಿಸಿ ಬಿಟ್ಟ ಬಾಲು ಬಲಗೈ ದಾಂಡಿಗನ ಕಾಲ ಕಡೆ ಅಥವಾ ನಡುಗೂಟದ ನೇರಕ್ಕೆ ನೆಲ ಮುಟ್ಟಿ, ಅಲ್ಲಿಂದ ಹೊರಕ್ಕೆ ಹೊರಳುತ್ತದೆ. ಬ್ಯಾಟಿನ ಅಂಚು ಸವರಿದರೆ ಸ್ಲಿಪ್‌ನಲ್ಲಿ ಕ್ಯಾಚು. ಗಾಳಿಯಲ್ಲಿ ಇನ್ನೊಂದು ಆಟ ನಡೆಯುತ್ತದೆ. ಮುಂದಕ್ಕೆ ಉರುಳುವ ದಿಕ್ಕಿನಲ್ಲಿ ತಿರುಗುವ ಬಾಲನ್ನು ಅದರ ಸುತ್ತಣ ಗಾಳಿ ಕೆಳಕ್ಕೆ ಒತ್ತುತ್ತದೆ. ಇಲ್ಲಿ ಬೀಳಬಹುದು ಎಂದು ದಾಂಡಿಗ ಕಾಲು ಚಾಚುವಷ್ಟರಲ್ಲಿ ಅದು ಗೇಣು ಹಿಂದೆಯೇ ಬಿದ್ದಿರುತ್ತದೆ. ಮ್ಯಾಗ್ನಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರನ್ನು ಈ ಪರಿಣಾಮಕ್ಕೆ ಇಟ್ಟಿದ್ದಾರೆ. ಬಾಳೂ ಆ ಹೆಸರು ಕೇಳಿದ್ದರೋ ಇಲ್ಲವೋ, ಬೆರಳಿಗಂತೂ ಗೊತ್ತಿತ್ತು.

ಆದರೆ ಬಾಲು ನೆಲ ಮುಟ್ಟಿದ ಮೇಲೆ ಎಷ್ಟು ಹೊರಳಬೇಕೆಂದು ತೀರ್ಮಾನಿಸುವುದು ಬೆರಳಷ್ಟೇ ಅಲ್ಲ, ಮಣ್ಣು ಕೂಡ. ಮೂಡಲಗಿ ಕಡೆಯ ಎರೆಹೊಲದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹಸಿ ಇರುವಾಗ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಕಲ್ಲು. ಜಿಗುಟು ಮಣ್ಣಿನ ಕಣಗಳು ಅತಿ ಸಣ್ಣವು. ಹದವಾದ ತೇವದಲ್ಲಿ ಅವುಗಳ ಮೇಲೆ ಭಾರ ಹಾಯಿಸಿದರೆ ನಡುವಣ ಗಾಳಿ ಹೊರಬಿದ್ದು ಕಣಕ್ಕೆ ಕಣ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ನೆಲ ಕನ್ನಡಿಯಂತೆ. ಅಂಥ ನೆಲದಲ್ಲಿ ಬಾಲು ಜಾರಿಕೊಂಡು ನೆಟ್ಟಗೆ ಹೋಗುತ್ತದೆ, ದಾಂಡಿಗನಿಗೆ ಹಬ್ಬ. ತೇವ ಉಳಿದಿದ್ದರೆ ಅಥವಾ ಮೇಲ್ಪದರ ಸಡಿಲಾಗಿದ್ದರೆ ಬಾಲಿಗೆ ನೆಲ ಸಿಕ್ಕುತ್ತದೆ, ಘರ್ಷಣೆ ಹೆಚ್ಚುತ್ತದೆ, ಬಾಲು ಹೊರಳುತ್ತದೆ.

ಈಗ ಹೇಳಿ, ಬೆಳಗಾದರೆ ಕೊಡ ಹಿಡಿದು ನೀರು ಹಾಕಿ, ಮಧ್ಯಾಹ್ನ ರೋಲರ್ ಎಳೆದು, ಸಂಜೆ ಅದೇ ನೆಲದಲ್ಲಿ ಬಾಲ್ ಹಾಕುವ ಮನುಷ್ಯನಿಗಿಂತ ಚೆನ್ನಾಗಿ ಆ ಮಣ್ಣು ಯಾರಿಗೆ ಗೊತ್ತಿದ್ದೀತು? ನಾಲ್ಕು ರೂಪಾಯಿ ಕೊಟ್ಟವರು ಕೂಲಿ ಕೊಟ್ಟೆವೆಂದುಕೊಂಡಿದ್ದರು. ಬಾಳೂ ಅದರಲ್ಲಿ ವಿದ್ಯೆಯನ್ನೂ ಪಡೆದಿದ್ದರು.

ಕಪ್ಪು-ಬಸಿ ಮತ್ತು ಕುಡಿಕೆ

ಪುಣೆಯ ಹಿಂದೂಗಳ ಕ್ಲಬ್ಬಿಗೆ ಯುರೋಪಿಯನ್ನರನ್ನು ಸೋಲಿಸುವ ಹಂಬಲ. ಅದಕ್ಕೆ ಬೇಕಾದ ಬೌಲರ್ ಕಣ್ಣೆದುರಿಗೇ ಇದ್ದಾನೆ. ಆದರೆ ಆತ ಅಸ್ಪೃಶ್ಯ. ಸದಸ್ಯರಲ್ಲಿ ಎರಡು ಪಕ್ಷವಾಯಿತು. ಬಾಳೂವನ್ನು ಬಿಟ್ಟರೆ ಹಿಂದೂಗಳು ಮೂರ್ಖರಾಗುತ್ತಾರೆ ಎಂಬರ್ಥದ ಮಾತನ್ನು ಗ್ರೇಗ್ ಅವರೇ ಪತ್ರಿಕೆಗೆ ಹೇಳಿದರಂತೆ. ಕೊನೆಗೆ ಬಾಳೂ ತಂಡಕ್ಕೆ ಬಂದರು.

ಮೈದಾನದೊಳಗೆ ಎಲ್ಲರೂ ಒಂದೇ ಬಾಲು ಮುಟ್ಟಿದರು. ಚಹಾದ ಹೊತ್ತಿಗೆ ಮಾತ್ರ ಬೇರೆ ಕಾಯಿದೆ. ಉಳಿದವರಿಗೆ ಪೆವಿಲಿಯನ್ನಿನ ಒಳಗೆ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಹಾ, ಬಾಳೂಗೆ ಹೊರಗಡೆ, ಕುಡಿದು ಒಡೆದು ಹಾಕುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಾಟು, ಬೇರೆ ಜಾಗ. ಮುಖ ತೊಳೆಯಬೇಕೆಂದರೆ ಅವರದೇ ಸಮುದಾಯದ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದು ಹಾಕಬೇಕು. ಚಹಾದಂಗಡಿಯ ಮಾಡಿನಲ್ಲಿ ಬೇರೆ ಕಪ್ಪು ಸಿಕ್ಕಿಸಿಡುತ್ತಿದ್ದುದನ್ನು ಕಂಡ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಇದು ದೂರದ ಪುಣೆಯ ಕತೆ ಎನಿಸಲಾರದು.

ಒಂದು ಮಾತು ಯಾರಿಗೂ ಹೊಳೆಯಲಿಲ್ಲವೆ ಎಂದು ಆಶ್ಚರ್ಯವಾಗುತ್ತದೆ. ಕ್ರಿಕೆಟ್ ಬಾಲಿನ ಹೊದಿಕೆಯೇ ಚರ್ಮದ್ದು. ಅದನ್ನು ಪ್ಯಾಂಟಿಗೆ ತಿಕ್ಕಿ, ಬೆವರು ಹಚ್ಚಿ, ಕೈಯಿಂದ ಕೈಗೆ ಎಸೆದಾಡಿದವರಿಗೆ ಮೈಲಿಗೆಯಾಗಲಿಲ್ಲ!

ಸಾತಾರಾದಲ್ಲಿ ಬಿಳಿಯರ ಜಿಮಖಾನಾದ ವಿರುದ್ಧ ಪಂದ್ಯವಿತ್ತು. ಬಾಳೂ ಬರುತ್ತಾರೆಂದು ತಿಳಿದೇ ಅಲ್ಲಿಯವರು ಎಷ್ಟೋ ದಿನ ಮೊದಲಿನಿಂದ ನೆಲಕ್ಕೆ ರೋಲರ್ ಹೊಡೆಸಿ ಕಲ್ಲಾಗಿಸಿದ್ದರು. ರೋಲರಿನ ಗುಟ್ಟು ಬಲ್ಲವರ ಎದುರು ರೋಲರಿನ ಉಪಾಯ! ಬಾಳೂ ಏಳು ವಿಕೆಟ್ ತೆಗೆದರು. ಪುಣೆಗೆ ಮರಳಿದಾಗ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೇ ಅವರನ್ನು ಸತ್ಕರಿಸಿದರು. ಕೂಡಿ ಆಡಬಹುದಾದರೆ ಕೂಡಿ ಉಣ್ಣಲು ಏನು ಅಡ್ಡಿ ಎಂಬುದು ರಾನಡೆಯವರ ವಾದ. ಇತಿಹಾಸಕಾರ ರಾಮಚಂದ್ರ ಗುಹಾ ಈ ದೇಶದ ಕ್ರಿಕೆಟ್ ಕುರಿತು 2002ರಲ್ಲಿ ಹೊರತಂದ ಗ್ರಂಥದಲ್ಲಿ ಇಂಥ ಪ್ರಸಂಗಗಳನ್ನು ಹಳೆಯ ಪತ್ರಿಕೆಗಳಿಂದ ಹುಡುಕಿ ಕೊಟ್ಟಿದ್ದಾರೆ. ಆ ಶ್ರಮವಿಲ್ಲದಿದ್ದರೆ ಬಾಳೂ ಹೆಸರು ಅಂಕಿಸಂಖ್ಯೆಯ ಪುಸ್ತಕದಲ್ಲೇ ಉಳಿದಿರುತ್ತಿತ್ತು.

ಮುಂಬಯಿ

1896ರಲ್ಲಿ ಪ್ಲೇಗು ಬಂತು. ಆ ಹೊತ್ತಿಗೆ ಬಾಳೂ ಪುಣೆ ಬಿಟ್ಟು ಮುಂಬಯಿಗೆ ಬಂದರು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ ಹಿಡಿದರು. ಕಂಪನಿಯ ತಂಡಕ್ಕೆ ಆಟ, ಕಂಪನಿಯಿಂದ ಪಗಾರ. ರೈಲ್ವೆ, ಬ್ಯಾಂಕು, ಗಿರಣಿಗಳು ಆಟಗಾರರಿಗೆ ಕೆಲಸ ಕೊಟ್ಟು ಸಾಕುವ ಪದ್ಧತಿ ಮುಂದೆ ದೇಶದಲ್ಲೆಲ್ಲ ಬೆಳೆಯಿತು. ಅದರ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು. ತಮ್ಮಂದಿರಾದ ಶಿವರಾಮ, ಗಣಪತ, ವಿಠ್ಠಲರೂ ಒಬ್ಬರ ಹಿಂದೆ ಒಬ್ಬರು ಮೈದಾನಕ್ಕಿಳಿದರು. ಮುಂಬಯಿಯ ಹಿಂದೂ ಜಿಮಖಾನಾದಲ್ಲೂ ಕೆಲವರು ತಕರಾರು ತೆಗೆದರು, ಕೆಲವರು ಬಾಳೂ ಪರ ನಿಂತರು. ಬಾಳೂ ಸೇರಿಕೊಂಡರು.

ಅಂದಿನ ದೊಡ್ಡ ಕ್ರಿಕೆಟ್ ಎಂದರೆ ಮತಧರ್ಮಗಳ ಹೆಸರಿನ ತಂಡಗಳ ನಡುವಣ ಪಂದ್ಯಗಳು. 1892ರಿಂದ ಯುರೋಪಿಯನ್ನರು ಮತ್ತು ಪಾರಸಿಗಳು ಆಡುತ್ತಿದ್ದರು. 1907ರಲ್ಲಿ ಹಿಂದೂ ತಂಡ ಸೇರಿ ತ್ರಿಕೋನ ಪಂದ್ಯಾವಳಿಯಾಯಿತು, 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನವಾಯಿತು. ಅದಕ್ಕೆ ಮೊದಲು, 1906ರ ಫೆಬ್ರವರಿಯಲ್ಲಿ, ಹಿಂದೂಗಳು ಮತ್ತು ಯುರೋಪಿಯನ್ನರು ಮುಂಬಯಿಯಲ್ಲಿ ಎದುರಾದರು. ಹಿಂದೂಗಳು 242 ಮತ್ತು 160, ಯುರೋಪಿಯನ್ನರು 191 ಮತ್ತು 102. ಹಿಂದೂಗಳಿಗೆ 109 ಓಟಗಳ ಗೆಲುವು. ಬಾಳೂ ಮತ್ತು ಎರಾಶಾ ಎಂಬ ಇನ್ನೊಬ್ಬ ಬೌಲರ್ ಸೇರಿ ಬಿಳಿಯರನ್ನು ಕಟ್ಟಿಹಾಕಿದರು. ಸ್ವದೇಶಿ ಚಳವಳಿ ಕಾವೇರಿದ್ದ ಕಾಲ. ಆಳುವವರನ್ನು ಅವರದೇ ಆಟದಲ್ಲಿ, ಅವರದೇ ಮೈದಾನದಲ್ಲಿ ಸೋಲಿಸಿದ ಸುದ್ದಿ ದೇಶವೆಲ್ಲ ಹಬ್ಬಿತು. ಬಾಳೂ ಸೋದರರು ಈಗ ಜಿಮಖಾನಾದ ಊಟದ ಕೋಣೆಯಲ್ಲಿ ಉಳಿದವರ ಜೊತೆ ಕುಳಿತು ಉಣ್ಣುತ್ತಾರೆ ಎಂಬುದನ್ನೂ ಅಂದಿನ ಸುಧಾರಕ ಪತ್ರಿಕೆ ಸಂತೋಷದಿಂದ ಬರೆಯಿತು. ಪುಣೆಯ ಮಣ್ಣಿನ ಕುಡಿಕೆಯಿಂದ ಇಲ್ಲಿಯವರೆಗೆ ಹತ್ತು ವರ್ಷ ಹಿಡಿದಿತ್ತು.

ಅಂಕಿಸಂಖ್ಯೆಯ ಪುಸ್ತಕ ಬಾಳೂ ಅವರ ಪ್ರಥಮ ದರ್ಜೆಯ ಬದುಕನ್ನು ಈ 1905-06ರ ಋತುವಿನಿಂದ ಎಣಿಸುತ್ತದೆ. ಅಷ್ಟರಲ್ಲಿ ಅವರಿಗೆ ಹತ್ತಿರ ಹತ್ತಿರ ಮೂವತ್ತು. ಅದಕ್ಕೆ ಮುಂಚಿನ ವಿಕೆಟ್‌ಗಳು, ಗ್ರೇಗ್ ಸಾಹೇಬರ ಎಂಟಾಣೆ ವಿಕೆಟ್‌ಗಳೂ ಸೇರಿ, ಯಾವ ಲೆಕ್ಕದಲ್ಲೂ ಇಲ್ಲ. ಹಾಗಿದ್ದೂ 1920-21ರವರೆಗಿನ 33 ಪಂದ್ಯಗಳಲ್ಲಿ 179 ವಿಕೆಟ್, ಪ್ರತಿ ವಿಕೆಟ್ಟಿಗೆ ಸರಾಸರಿ 15.21 ಓಟ.

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಅಖಿಲ ಭಾರತ ತಂಡ ಮೊದಲ ಬಾರಿಗೆ ಇಂಗ್ಲೆಂಡಿಗೆ ಹೊರಟಿತು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ವರ್ಷ ಅದು. ಹತ್ತೊಂಬತ್ತರ ತರುಣ ಮಹಾರಾಜರು ಆಟಕ್ಕಿಂತ ಹೆಚ್ಚಾಗಿ ಔತಣಕೂಟಗಳಲ್ಲಿ ಕಾಣಿಸಿಕೊಂಡರು. ತಂಡ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ 10 ಸೋತು, ಲೀಸ್ಟರ್‌ಶೈರ್ ಮತ್ತು ಸಾಮರ್‌ಸೆಟ್ ವಿರುದ್ಧ ಎರಡನ್ನು ಮಾತ್ರ ಗೆದ್ದಿತು. ಈ ಸೋಲಿನ ನಡುವೆ ಒಬ್ಬ ಮನುಷ್ಯನ ದುಡಿಮೆ ಎದ್ದು ಕಾಣುತ್ತದೆ. ಮೂವತ್ತೈದರ ಬಾಳೂ ಪ್ರಥಮ ದರ್ಜೆ ಪಂದ್ಯಗಳಲ್ಲಿ 75 ವಿಕೆಟ್ ತೆಗೆದರು, ಎಲ್ಲ ಪಂದ್ಯಗಳೂ ಸೇರಿ 114. ಒದ್ದೆ ಹವೆ, ಪರದೇಶದ ಊಟ, ವಾರಕ್ಕೆರಡು ಪಂದ್ಯ, ಬಾಲು ಮಾತ್ರ ಅವರ ಕೈಗೇ.

ಮರಳಿ ಬಂದಾಗ ಮುಂಬಯಿಯ ದಲಿತ ಬಾಂಧವರು ಸತ್ಕಾರ ಏರ್ಪಡಿಸಿದರು. ಆ ಸಮಾರಂಭದ ಮಾನಪತ್ರದ ಹಿಂದೆ ಇದ್ದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಹೇಳಲಾಗುತ್ತದೆ.

ಲೋವೆಲ್ ಊರಿನ ಹುಡುಗ

ಇದೇ ಕಾಲದಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಬೇರೆ ಆಟದಲ್ಲಿ ಇಂಥದೇ ಒಂದು ಕತೆ ನಡೆದಿತ್ತು. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ. ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಹುಡುಗರನ್ನು ಸೂರಿನ ಕೆಳಗೆ ಆಡಿಸಲು ಹಣ್ಣಿನ ಬುಟ್ಟಿ ಕಟ್ಟಿ ಶುರುಮಾಡಿದ ಆಟ. ಹತ್ತೇ ವರ್ಷದಲ್ಲಿ ಅದಕ್ಕೆ ದುಡ್ಡು ಕೊಟ್ಟು ಆಡಿಸುವ ತಂಡಗಳಾದವು. ಅದೇ ರಾಜ್ಯದ ಲೋವೆಲ್ ಗೋಕಾಕ ಫಾಲ್ಸಿನ ಹಾಗೆ ನದಿಯ ಧುಮುಕುವ ನೀರಿನ ಬಲದಿಂದ ಬಟ್ಟೆ ಗಿರಣಿ ಕಟ್ಟಿಕೊಂಡ ಊರು. ಅಲ್ಲಿಯ ತಂಡವೊಂದು 1902ರಲ್ಲಿ ಹದಿನೆಂಟರ ಹ್ಯಾರಿ ‘ಬಕಿ’ ಲ್ಯೂ ಎಂಬ ಕರಿಯ ಹುಡುಗನನ್ನು ಸೇರಿಸಿಕೊಂಡಿತು. ಒಂದು ಪಂದ್ಯಕ್ಕೆ 5 ಡಾಲರ್.

1902ರ ನವೆಂಬರ್ 7ರಂದು ಮೊದಲ ಪಂದ್ಯ. ಲ್ಯೂ ಮುಪ್ಪಿನಲ್ಲಿ ನೆನಪಿಸಿಕೊಂಡಂತೆ, ಅವನನ್ನು ಬೆಂಚಿನ ಮೇಲೆ ಕುಳ್ಳಿರಿಸಿದ್ದರು. ತಂಡದವರಿಗೆ ಪೆಟ್ಟಾಗಿ ಆಟಗಾರರು ಕಡಿಮೆಯಾದರೂ ಮ್ಯಾನೇಜರ್ ಅವನನ್ನು ಇಳಿಸಲು ಒಪ್ಪದೆ ಐವರ ಎದುರು ನಾಲ್ವರನ್ನೇ ಆಡಿಸಿದ. ಆಗ ಎದ್ದವರು ಪ್ರೇಕ್ಷಕರು. ದೊಂಬಿಯಾಗುವಷ್ಟು ಕೂಗಾಡಿದರು. ಲ್ಯೂ ಒಳಗೆ ಬಂದ. ಎದುರಾಳಿಗಳ ಮೊಣಕೈ ತಿವಿತ, ಬೈಗುಳ ಎಲ್ಲ ನುಂಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಡಿದ. ವೃತ್ತಿಪರ ಬಾಸ್ಕೆಟ್‌ಬಾಲ್ ಆಡಿದ ಮೊದಲ ಕರಿಯ ಎಂದು ಇಂದು ಅವನನ್ನು ಗುರುತಿಸುತ್ತಾರೆ. ಆ ದೇಶದ ದೊಡ್ಡ ಲೀಗಾದ ಎನ್‌ಬಿಎಯಲ್ಲಿ ಕರಿಯ ಆಟಗಾರರು ಕಾಣಿಸಿಕೊಳ್ಳಲು 1950ರವರೆಗೆ ಕಾಯಬೇಕಾಯಿತು. ಲ್ಯೂ ತೀರಿಕೊಂಡದ್ದು 1963ರಲ್ಲಿ.

ಲ್ಯೂಗಾಗಲಿ ಬಾಳೂಗಾಗಲಿ ಬಾಗಿಲು ತೆರೆದದ್ದು ಯಾರ ಔದಾರ್ಯವೂ ಅಲ್ಲ. ಗೆಲ್ಲಬೇಕೆಂಬ ಆಸೆ ತೆರೆಯಿತು. ಗೆಲ್ಲಿಸುವವನಿಗೆ ದುಡ್ಡು ಕೊಡಬಹುದು, ಜಾಗ ಕೊಡಬಹುದು. ಅಧಿಕಾರ ಕೊಡುವ ಪ್ರಶ್ನೆ ಬಂದಾಗ ಆಸೆ ಹಿಂದೆ ಸರಿಯುತ್ತದೆ. ಬಾಳೂ ಕತೆಯ ಉಳಿದ ಭಾಗ ಅದೇ.

ನಾಯಕ ಯಾರು?

ಜಾತ್ರೆಯ ಕುಸ್ತಿಕಣದಲ್ಲಿ ಗೆದ್ದ ಪೈಲ್ವಾನನಿಗೆ ರುಮಾಲು ಸುತ್ತಿ, ಬೆಳ್ಳಿ ಕಡಗ ತೊಡಿಸಿ, ಹೆಗಲ ಮೇಲೆ ಹೊತ್ತು ಮೆರೆಸುವುದು ನಮ್ಮ ಕಡೆಯ ರೂಢಿ. ಅಲ್ಲಿ ಇನಾಮೂ ಮಾನವೂ ಒಟ್ಟಿಗೆ ಬರುತ್ತವೆ. ಕ್ರಿಕೆಟ್ಟಿನಲ್ಲಿ ಮಾನ ಎಂದರೆ ನಾಯಕತ್ವ.

ಇಂಗ್ಲೆಂಡಿನಿಂದ ಮರಳಿದ ಮೇಲೆ ಹಿಂದೂ ತಂಡದಲ್ಲಿ ಬಾಳೂಗಿಂತ ಹಿರಿಯ, ಅವರಿಗಿಂತ ಅನುಭವಿ ಬೇರೊಬ್ಬರಿರಲಿಲ್ಲ. ಪ್ರತಿ ವರ್ಷ ಪಂದ್ಯಾವಳಿಗೆ ಮುನ್ನ ಅವರ ಹೆಸರು ಎದ್ದುಬರುತ್ತಿತ್ತು, ಪ್ರತಿ ವರ್ಷ ಮೇಲ್ಜಾತಿಯ ಇನ್ನೊಬ್ಬರು ನಾಯಕರಾಗುತ್ತಿದ್ದರು. 1913ರಲ್ಲಿ ನಾಯಕರಾದ ಎಂ.ಡಿ. ಪೈ ತಮ್ಮ ಸತ್ಕಾರ ಸಭೆಯಲ್ಲೇ ಈ ಗೌರವ ಹಿರಿಯರಾದ ಬಾಳೂಗೆ ಸಲ್ಲಬೇಕಾಗಿತ್ತು ಎಂದು ಬಾಯಿಬಿಟ್ಟು ಹೇಳಿದರು. ಹೇಳಿದವರ ದೊಡ್ಡತನ ಅದು. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋದರೆಂದು ಕಾಣುತ್ತದೆ, ಏಕೆಂದರೆ ಮುಂದಿನ ಏಳು ವರ್ಷ ಏನೂ ಬದಲಾಗಲಿಲ್ಲ.

1920ರಲ್ಲಿ ಗಂಟು ಬಿಗಿಯಿತು. ಪೈ ಅನಾರೋಗ್ಯದಿಂದ ಮೊದಲ ಪಂದ್ಯಕ್ಕೆ ಬರಲಾಗಲಿಲ್ಲ. ದಿ.ಬ. ದೇವಧರ ನಾಯಕರಾದರು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಿದ್ದರು. ಆಗ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಒಂದು ಕೆಲಸ ಮಾಡಿದರು. ಇಬ್ಬರೂ ಒಳ್ಳೆಯ ಲಯದಲ್ಲಿದ್ದ ದಾಂಡಿಗರು. ಜಾತಿಯ ಕಾರಣಕ್ಕೆ ಆಗುವ ಅವಮಾನವನ್ನು ಇನ್ನು ಸಹಿಸುವುದಿಲ್ಲ ಎಂದು ಬಹಿರಂಗವಾಗಿ ತಿಳಿಸಿ ತಂಡದಿಂದ ಹೊರಗುಳಿದರು. ಆಟವೇ ಅನ್ನವಾಗಿರುವವರು, ಮೇಲಿನವರ ಮರ್ಜಿಯಲ್ಲಿ ಬದುಕುವವರು ಹೀಗೆ ನಿಲ್ಲುವುದು ಸುಲಭದ ಮಾತಲ್ಲ. ಗಾಂಧೀಜಿಯವರ ಅಸಹಕಾರ ಚಳವಳಿ ಶುರುವಾಗಿದ್ದ ವರ್ಷವೂ ಅದೇ. ಮುಂಬಯಿಯ ಜನಾಭಿಪ್ರಾಯ ಸೋದರರ ಕಡೆ ವಾಲಿತು.

ಜಿಮಖಾನಾ ಮಣಿಯಿತು, ಪೂರ್ತಿಯಾಗಿ ಅಲ್ಲ. ಪಾರಸಿಗಳ ಎದುರಿನ ಮುಂದಿನ ಪಂದ್ಯಕ್ಕೆ ಪೈ ಮತ್ತೆ ನಾಯಕರು, ಬಾಳೂ ಉಪನಾಯಕರು. ಪಂದ್ಯದ ನಡುವೆ ಪೈ ಮೈದಾನದಿಂದ ಹೊರಗೆ ನಡೆದರು. ಅವರು ಹೊರಗಿದ್ದಷ್ಟು ಹೊತ್ತು ತಂಡವನ್ನು ನಡೆಸಿದವರು ಉಪನಾಯಕ ಬಾಳೂ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದಿಷ್ಟು ಹೊತ್ತಿನ ಮಟ್ಟಿಗೆ. ಅದು ಅವರ ಕೊನೆಯ ಋತು.

ಮೂರು ವರ್ಷದ ಬಳಿಕ, ನಡುವೆ ಇನ್ನೊಮ್ಮೆ ಹೊರಗುಳಿದ ಪ್ರಸಂಗವೂ ಆದ ಮೇಲೆ, 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಆ ವರ್ಷ ಯುರೋಪಿಯನ್ನರನ್ನು ಸೋಲಿಸಿ ಕಪ್ ಗೆದ್ದಾಗ ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಕುಣಿದರು, ಜಾತ್ರೆಯ ಪೈಲ್ವಾನನನ್ನು ಹೊತ್ತ ಹಾಗೆ. 1948ರಲ್ಲಿ ವಿಠ್ಠಲ ಮರಾಠಿಯಲ್ಲಿ ತಮ್ಮ ಕ್ರೀಡಾ ಜೀವನದ ಪುಸ್ತಕ ಬರೆದರು. ಬಾಳೂ ಕುರಿತು ಇಂದು ತಿಳಿದಿರುವ ಎಷ್ಟೋ ಸಂಗತಿ ಉಳಿದದ್ದು ಈ ತಮ್ಮನಿಂದ.

ಆಟ ಬಿಟ್ಟ ಬಾಳೂ ರಾಜಕೀಯದಲ್ಲೂ ಕಾಣಿಸಿಕೊಂಡರು. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಮುಂಬಯಿಯಲ್ಲಿ ನಿಲ್ಲಿಸಿತು. ಎದುರಾಳಿ ಬೇರೆ ಯಾರೂ ಅಲ್ಲ, ಹಿಂದೊಮ್ಮೆ ಅವರ ಸತ್ಕಾರಕ್ಕೆ ಮುಂದಾಗಿದ್ದ ಆ ವಿದ್ಯಾರ್ಥಿ. ಅಂಬೇಡ್ಕರರಿಗೆ 13,245 ಮತ, ಬಾಳೂಗೆ 11,225. ಒಬ್ಬರ ದಾರಿ ಇನ್ನೊಬ್ಬರಿಗೆ ಸರಿಕಾಣಲಿಲ್ಲ. ಆ ಚರ್ಚೆ ಒಂದು ಲೇಖನದಲ್ಲಿ ಮುಗಿಯುವಂಥದಲ್ಲ.

ಪಾಲವಣಕರ ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಇಂಗ್ಲೆಂಡ್ ತಂಡಕ್ಕೆ ವೃತ್ತಿಪರ ಆಟಗಾರನೊಬ್ಬ, ಲೆನ್ ಹಟನ್, ನಾಯಕನಾಗಿ ಆಗ ಮೂರು ವರ್ಷವಾಗಿತ್ತು. ‘ಜಂಟಲ್‌ಮನ್’, ‘ಪ್ಲೇಯರ್’ ಎಂಬ ಭೇದವನ್ನೇ ಅಳಿಸಿ ಎಲ್ಲರೂ ಕ್ರಿಕೆಟಿಗರು ಎಂದು ಅಲ್ಲಿಯ ಹಿರಿಯರು ಗೊತ್ತುವಳಿ ಮಾಡಿದ್ದು 1962ರ ಕೊನೆಯಲ್ಲಿ. ಅಷ್ಟೊತ್ತಿಗೆ ಬಾಳೂ ತೀರಿ ಏಳು ವರ್ಷ ಕಳೆದಿದ್ದವು.